ಬೆಣ್ಣೆ ಕಡೆಯುವವಳ ಗೋಡೆ

ನನ್ನ ಗಂಡ ದ್ವಾರಕಾನಾಥರಿಗೆ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡಿ ಗೊತ್ತಿಲ್ಲ. ನಲ್ಲಿಯ ವಾಷರು ಬದಲಿಸಬೇಕಾದರೂ ನಾಲ್ಕಾರು ವಿಡಿಯೊ ನೋಡಿ, ಅಂಗಡಿಯಲ್ಲಿರುವುದರಲ್ಲೇ ಒಳ್ಳೆಯದನ್ನು ಆರಿಸಿ ತಂದು, ಮುಗಿದ ಮೇಲೆ ನನ್ನನ್ನು ಕರೆದು ತೋರಿಸಿ, ಭೇಷ್ ಅನ್ನಿಸಿಕೊಂಡೇ ಕೈ ತೊಳೆಯುವ ಜಾಯಮಾನ. ಮದುವೆಯಾದಾಗಿನಿಂದ ನಾನು ಇದನ್ನು ಆಡಿಕೊಂಡು ನಕ್ಕಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣಕ್ಕಿರುವ ಗಿಲ್‌ರಾಯ್‌ನ ನಮ್ಮ ಮನೆಯ ಗ್ಯಾರೇಜಿನ ಗೋಡೆಗೆ ಬಿಳಿ ಬಳಿದ ದಿನವೂ ಅವರು ಹಾಗೆಯೇ ಕೈಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸಿದರು. ಅವತ್ತು ಮಾತ್ರ ನನಗೆ ನಗು ಬರಲಿಲ್ಲ.

ಆ ಗೋಡೆಯ ಮೇಲೆ ನಮ್ಮ ಮಗಳು ವಿಭಾ ಬರೆದ ಚಿತ್ರವಿತ್ತು. ವಿಭಾ ಇರಲಿಲ್ಲ. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಎಮರಿವಿಲ್‌ನ ಆಫೀಸಿಗೆ ಹೊರಟವಳು ಮಾರ್ಗನ್ ಹಿಲ್ ದಾಟುವ ಮುಂಚೆಯೇ ಫ್ರೀವೇ ಮೇಲೆ ಹೋಗಿಬಿಟ್ಟಳು. ಅದರ ಬಗ್ಗೆ ನಾನು ಹೇಳಬಲ್ಲದ್ದು ಇಷ್ಟೇ. ಹೆಚ್ಚು ಕೇಳಬೇಡಿ.

ಅನಿಮೇಷನ್ ಸಿನಿಮಾಗಳಲ್ಲಿ ಪಾತ್ರಗಳ ಹಿಂದೆ ಕಾಣುವ ಬೆಟ್ಟ, ಬೀದಿ, ಆಕಾಶ ಬಿಡಿಸುವುದು ಅವಳ ಕೆಲಸವಾಗಿತ್ತು. ಒಂದು ಸಿನಿಮಾಕ್ಕೆ ಡೆನ್ಮಾರ್ಕಿನ ಹಳೆಯ ಹಳ್ಳಿ ಚರ್ಚು ಬೇಕಾಯಿತು. ಫೋಟೊ ನೋಡಿ ಬಿಡಿಸಿದ್ದರೆ ಮುಗಿಯುತ್ತಿತ್ತು. ಅಪ್ಪನ ಮಗಳಲ್ಲವೇ? ರಜೆ ಹಾಕಿ ಆ ಹಳ್ಳಿಗೇ ಹೋಗಿ, ಹಳೆಯ ಗೋಡೆಚಿತ್ರಗಳನ್ನು ರಿಪೇರಿ ಮಾಡುವ ಕಿರ್ಸ್ಟನ್ ಎಂಬ ಹೆಂಗಸಿನ ಕೈಕೆಳಗೆ ಇಡೀ ಬೇಸಿಗೆ ದುಡಿದು ಬಂದಳು. ಆ ಹಳ್ಳಿಯ ಹೆಸರು ನನ್ನ ಬಾಯಲ್ಲಿ ಇವತ್ತಿಗೂ ಹೊರಳುವುದಿಲ್ಲ.

ಬಂದ ಮೇಲೆ ಊಟಕ್ಕೆ ಕೂತಾಗಲೆಲ್ಲ ಚರ್ಚಿನದೇ ಕಥೆ. ಊರವರು ಹೊಲದಲ್ಲಿ ಸಿಕ್ಕ ಬಂಡೆಗಳನ್ನೇ ಒಡೆದು ಕಟ್ಟಿದ್ದಂತೆ, ಎಂಟುನೂರು ವರ್ಷದ ಹಿಂದೆ. ಗೋಪುರದ ನೆತ್ತಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದಂತೆ. ನಾವು ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ಹಾಗೆ ಅಲ್ಲಿಯ ಗಂಡಸರು ಮುಂದಿನ ಪಡಸಾಲೆಯಲ್ಲಿ ಕತ್ತಿ ಕೊಡಲಿ ಬಿಟ್ಟು ಒಳಗೆ ಹೋಗಬೇಕಿತ್ತಂತೆ. ಹೆಂಗಸರಿಗೆ ಉತ್ತರದ ಬಾಗಿಲು ಬೇರೆ. ಈಗ ಅದನ್ನು ಕಲ್ಲಿಟ್ಟು ಮುಚ್ಚಿದ್ದಾರೆ. ಒಳಗೆ ಕಮಾನು ಚಾವಣಿಯ ತುಂಬ ಚಿತ್ರ. ಹಸಿ ಸುಣ್ಣದ ಮೇಲೆ ಕೆಮ್ಮಣ್ಣು, ಹಳದಿ, ಮಸಿಯಲ್ಲಿ ಯಾರೋ ಹೆಸರಿಲ್ಲದವನು ಬರೆದದ್ದು. ಅವನು ಸಿಂಹ ಕಂಡವನಲ್ಲ, ಹಾಗಾಗಿ ಅವನ ಸಿಂಹ ಥೇಟ್ ಬೀದಿನಾಯಿ. ಒಂದು ಮೂಲೆಯಲ್ಲಿ ಒಬ್ಬ ಹೆಂಗಸು ಬೆಣ್ಣೆ ಕಡೆಯುತ್ತಿದ್ದಾಳೆ. ಪಕ್ಕದಲ್ಲೇ ಸೈತಾನ ಕೂತು, ನೆರೆಮನೆಯವಳ ಹಾಲಿನ ಬೆಣ್ಣೆಯೆಲ್ಲ ಇವಳ ಗಡಿಗೆಗೆ ಬರಲಿ ಎಂದು ಕೈಜೋಡಿಸಿದ್ದಾನೆ.

"ದೇವರ ಮನೆ ಚಾವಣೀಲೂ ಅಡುಗೆಮನೆ ಜಗಳಾನಾ!" ಎಂದು ನಾನು ನಕ್ಕಿದ್ದೆ.

ಆಮೇಲೆ ಆ ದೇಶದಲ್ಲಿ ಧರ್ಮದ ದಾರಿ ಬದಲಾಯಿತು. ಕಾಲಕ್ರಮದಲ್ಲಿ ಚಿತ್ರಗಳೆಲ್ಲ ಯಾರಿಗೂ ಬೇಡವಾಗಿ, ಅವುಗಳ ಮೇಲೆ ಸುಣ್ಣ ಬಿತ್ತು. ಹಬ್ಬಕ್ಕೆ ಮುಂಚೆ ನಾವು ಮೈಸೂರಿನ ಮನೆಗೆ ಹೊಡೆಸುತ್ತಿದ್ದ ಹಾಗೆ ಸುಣ್ಣದ ಮೇಲೆ ಸುಣ್ಣ, ತಲೆತಲಾಂತರ. ಕೆಳಗೆ ಚಿತ್ರವಿದೆ ಎಂಬುದನ್ನೇ ಜನ ಮರೆತರು. ಮುನ್ನೂರು ವರ್ಷ ಕಳೆದ ಮೇಲೆ ಒಂದು ಚಕ್ಕೆ ಉದುರಿ, ಒಳಗಿನಿಂದ ಕೆಂಪು ಇಣುಕಿತು. ಕೆರೆದು ನೋಡಿದರೆ ನಾಯಿಯಂಥ ಸಿಂಹವೂ ಬೆಣ್ಣೆಯವಳೂ ಇದ್ದ ಹಾಗೇ ಇದ್ದರು.

"ಕೊಂದ್ವಿ ಅಂದ್ಕೊಂಡಿದ್ರು ಅಪ್ಪಾ. ಬಟ್ ದೇ ವರ್ ಸೇವಿಂಗ್ ಇಟ್," ಎಂದಳು ವಿಭಾ. ದ್ವಾರಕಾನಾಥರು ಹುಳಿಯನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ಕೇಳಿಸಿಕೊಂಡರು.

ಕಲಿತದ್ದು ಮರೆತುಹೋಗಬಾರದೆಂದು ವಿಭಾ ಗ್ಯಾರೇಜಿನ ಹಿಂದಿನ ಗೋಡೆಗೆ ಸುಣ್ಣದ ಗಾರೆ ಮೆತ್ತಿ, ಚರ್ಚಿನ ಆ ಮೂಲೆಯನ್ನು ಬರೆದಳು. ಬೆಣ್ಣೆ ಕಡೆಯುವವಳಿಗೆ ನನ್ನ ಮುಖ. ನನ್ನ ಮೂಗುಬೊಟ್ಟು, ಗಲ್ಲದ ಮಚ್ಚೆ, ಸೊಂಟಕ್ಕೆ ಸಿಕ್ಕಿಸಿದ ಕೆಂಪಂಚಿನ ಸೆರಗು.

"ಸೈತಾನನ ಪಕ್ಕ ನನ್ನನ್ನ ಕೂರಿಸಿದೀಯಲ್ಲೇ, ನಿನ್ನ ಹೆತ್ತಿದ್ದಕ್ಕೆ!" ಎಂದು ರೇಗಿದೆ.

"ಆ ಪೇಂಟರ್ ಕೂಡ ಅವನಿಗೆ ಗೊತ್ತಿದ್ದ ಫೇಸಸ್ಸೇ ಮಾಡಿದ್ದು, ಅಮ್ಮಾ. ಐ ನೋ ಯುವರ್ಸ್ ಬೆಸ್ಟ್."

ಅವಳ ಉಳಿದ ಕೆಲಸವೆಲ್ಲ ಕಂಪ್ಯೂಟರಿನೊಳಗಿತ್ತು, ಆಫೀಸಿನ ಸೊತ್ತು. ಅವಳ ಕೈಯಿಂದ, ಕುಂಚದಿಂದ ಆದದ್ದು ನಮಗೆ ಉಳಿದದ್ದು ಈ ಗೋಡೆಯೊಂದೇ. ಫೋಟೊಗಳಿವೆ. ಫೋಟೊ ಸವರಿದರೆ ಗಾಜು ಸಿಗುತ್ತದೆ. ಗೋಡೆ ಸವರಿದರೆ ಕುಂಚ ಓಡಿದ ಗೆರೆ ಬೆರಳಿಗೆ ತಗುಲುತ್ತಿತ್ತು.

ಅವಳು ಹೋದ ಮೇಲೆ ದ್ವಾರಕಾನಾಥರು ಆ ಗೋಡೆಯ ಎದುರು ಮಡಿಚುವ ಕುರ್ಚಿ ಹಾಕಿಕೊಂಡು ಕೂತರು. ಕೂತವರು ಏಳಲಿಲ್ಲ ಎಂದೇ ಹೇಳಬೇಕು. ತಟ್ಟೆ ಹಾಗೇ ವಾಪಸು ಬರುತ್ತಿತ್ತು, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು, ಜಾಗ ಬದಲಿಸಿ ಎಂದರು. ಮನೆ ಬಾಡಿಗೆಗೆ ಕೊಟ್ಟು ಫಾಸ್ಟರ್ ಸಿಟಿಯ ಅಪಾರ್ಟ್‌ಮೆಂಟಿಗೆ ಹೋಗುವುದೆಂದು ನಾನೇ ಹಟ ಹಿಡಿದೆ. ಬರುವವರು ಗೋಡೆಗೆ ಸೈಕಲ್ ಒರಗಿಸುತ್ತಾರೆ, ಮಕ್ಕಳು ಚೆಂಡು ಹೊಡೆಯುತ್ತಾರೆ ಎಂಬುದೊಂದೇ ಅವರ ಚಿಂತೆ.

ನಾನು ಫ್ರೀಮಾಂಟಿನಲ್ಲಿ ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು.

"ಹೆದರ್ಬೇಡ ವಸು. ಅವಳೇ ಹೇಳಿದ್ಲಲ್ಲ, ಬಿಳಿ ಕೆಳಗೆ ಏನೂ ಆಗಲ್ಲ ಅಂತ. ಮೊದಲು ಪ್ರೈಮರು, ಮೇಲೆ ಎರಡು ಕೋಟು. ತೊಳೆದ್ರೂ ಹೋಗಲ್ಲ, ಒಂದು ಹನಿ ನೀರು ಒಳಗೆ ಇಳಿಯಲ್ಲ. ಅಂಗಡೀಲಿ ಇದಕ್ಕಿಂತ ಒಳ್ಳೇ ಪೇಂಟ್ ಇಲ್ಲ."

ನಾನು ಬಾಯಿಗೆ ಬಂದ ಹಾಗೆ ಬೈದೆ. ಅಲ್ಲೇ ಸಿಮೆಂಟು ನೆಲದ ಮೇಲೆ ಕೂತು ಅತ್ತೆ. ಆದರೆ ಅವತ್ತು ಸಂಜೆ ಅವರು ಎರಡನೇ ಸಲ ಅನ್ನ ಹಾಕಿಸಿಕೊಂಡರು. ಮಗಳು ಹೋದ ಮೇಲೆ ಅದೇ ಮೊದಲು. ನಾನು ಹುಳಿ ಬಡಿಸಿದೆ.

ಅಲ್ಲಿಂದ ಅವರು ಚೇತರಿಸಿಕೊಂಡರು. ಫಾಸ್ಟರ್ ಸಿಟಿಯಲ್ಲಿ ನೀರಿನ ಪಕ್ಕ ವಾಕಿಂಗ್ ಹೋಗುವಾಗ ಸಿಕ್ಕವರಿಗೆಲ್ಲ ಆ ಚರ್ಚಿನ ಕಥೆ ಹೇಳಿ, "ನಮ್ಮ ವಿಭಾ ಪೇಂಟಿಂಗೂ ಹಾಗೇ ಸೇಫಾಗಿದೆ," ಎಂದು ಮುಗಿಸುತ್ತಿದ್ದರು. ಕೇಳಿ ಕೇಳಿ ನಾನೂ ನಂಬಿದೆ. ಬಾಡಿಗೆಯವರು ಬಿಟ್ಟ ದಿನ ಬಿಳಿ ತೆಗೆಸಿ, ಅವಳ ಗೆರೆಗಳನ್ನು ಮತ್ತೆ ಸವರಬೇಕೆಂದು ನಾನು ಮನಸ್ಸಿನಲ್ಲೇ ದಿನ ದೂಡುತ್ತಿದ್ದೆ.

ಮರುವರ್ಷ ಅಕ್ಟೋಬರಿನಲ್ಲಿ ಬಾಡಿಗೆಯವರು ಬಿಟ್ಟರು. ಅದೇ ಸಮಯಕ್ಕೆ ಕಿರ್ಸ್ಟನ್ ಯಾವುದೋ ಭಾಷಣಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದವರು, ವಿಭಾಳ ಗೋಡೆ ನೋಡಬೇಕು ಎಂದು ಫೋನು ಮಾಡಿದರು. ಎಪ್ಪತ್ತರ ಹತ್ತಿರದ, ಮಿತಮಾತಿನ ಹೆಂಗಸು. ನಮ್ಮವರು ಗಿಲ್‌ರಾಯ್ ತನಕ ಡ್ರೈವ್ ಮಾಡುತ್ತ ಬಿಳಿ ಬಳಿದ ಸಂಗತಿಯನ್ನು ಸಡಗರದಿಂದ ಹೇಳಿದರು. ಆಕೆ ಹಿಂದಿನ ಸೀಟಿನಲ್ಲಿ ಹ್ಞೂಂ ಎಂದರಷ್ಟೇ. ಗ್ಯಾರೇಜು ತೆರೆದ ಮೇಲೆ, ಕೆಳಮೂಲೆಯಲ್ಲಿ ಬೆರಳಗಲ ಬಿಡಿಸಿ ನೋಡುತ್ತೇನೆ, ಒಪ್ಪಿಗೆಯೇ ಎಂದು ಕೇಳಿದರು.

"ಅಯ್ಯೋ, ನೀವು ತೆಗೀರಿ. ನನಗೆ ನೋಡಕ್ಕಾಗಲ್ಲ. ನಾನು ಇಂಜೆಕ್ಷನ್ ಚುಚ್ಚುವಾಗ್ಲೂ ಆ ಕಡೆ ತಿರುಗೋನು," ಎಂದು ದ್ವಾರಕಾನಾಥರು ಇಂಗ್ಲಿಷಿನಲ್ಲಿ ಹೇಳಿ, ನಗುತ್ತ ಕಾಫಿ ತರಲು ಕಾರು ಹತ್ತಿದರು.

ಕಿರ್ಸ್ಟನ್ ಬೆರಳ ಗೆಣ್ಣಿನಿಂದ ಗೋಡೆ ಬಡಿದರು. ಹುಳುಕು ತೆಂಗಿನಕಾಯಿಯಂಥ ಸದ್ದು. ಇನ್ನೊಂದು ಕಡೆ ಬಡಿದರು, ಮತ್ತೊಂದು ಕಡೆ. ಆಮೇಲೆ ನನ್ನತ್ತ ತಿರುಗಿ, "ಇದು ಸುಣ್ಣ ಅಲ್ಲವಲ್ಲ?" ಎಂದರು.

"ಅಲ್ಲ. ಪೇಂಟು."

ಸಣ್ಣ ಅಲಗು ತೆಗೆದು ಕೆಳಮೂಲೆಯಲ್ಲಿ ಗೀರಿ ಎಬ್ಬಿಸಿದರು. ಬಿಳಿ, ಕಾಯಿಸಿದ ಹಾಲಿನ ಕೆನೆಯ ಹಾಗೆ ಎದ್ದುಬಂತು. ಕೆಳಗೆ ಚಿತ್ರವಿರಲಿಲ್ಲ. ಬೋಳು ಗಾರೆ, ಒದ್ದೆ, ಮುಟ್ಟಿದರೆ ಹಿಟ್ಟಿನಂತೆ ಉದುರುತ್ತಿತ್ತು. ಅವರು ಆ ಕೆನೆಯನ್ನು ಅಂಗೈ ಮೇಲೆ ಬೋರಲು ಹಾಕಿದರು. ಅದರ ಹಿಂಬದಿಗೆ ಸ್ವಲ್ಪ ಕೆಂಪು ಮೆತ್ತಿಕೊಂಡಿತ್ತು. ನನ್ನ ಸೀರೆಯ ಅಂಚು ಅದು. ನಾನು ಬೆರಳು ಇಟ್ಟೆ. ಪುಡಿಯಾಯಿತು.

ಕಿರ್ಸ್ಟನ್ ನಿಧಾನವಾಗಿ ಹೇಳಿದರು. ಸುಣ್ಣ ಉಸಿರಾಡುತ್ತದೆ, ನೆಲದಿಂದ ಏರಿದ ತೇವವನ್ನು ಹೊರಗೆ ಬಿಡುತ್ತದೆ. ಸುಣ್ಣವನ್ನು ಸುಣ್ಣದಿಂದ ಪದರಪದರವಾಗಿ ಬಿಡಿಸಬಹುದು. ಇದು ಪ್ಲಾಸ್ಟಿಕ್. ತೇವ ಒಳಗೇ ಕೂತು, ಗಾರೆ ಕೊಳೆತು, ಬಣ್ಣ ಕೆಳಗಿನ ಹಿಡಿತ ಬಿಟ್ಟು ಈ ಹಾಳೆಗೆ ಅಂಟಿದೆ. ಬೇರೆ ಎರಡು ಕಡೆಯೂ ತುಸು ಎಬ್ಬಿಸಿ ನೋಡಿದರು. ಅಲ್ಲೂ ಅದೇ.

"ಏನಾದರೂ ಉಳಿಸಬಹುದೇ?" ಎಂದೆ.

"ಒಂದಿಷ್ಟು ಕೆಂಪು ಪುಡಿ," ಎಂದರು. "ಚಿತ್ರ ಅಂತ ಅನ್ನುವುದಕ್ಕೆ ಏನೂ ಇಲ್ಲ. ವಿಭಾಳ ಅಮ್ಮನಿಗೆ ನಾನು ಸುಳ್ಳು ಹೇಳಲಾರೆ." ಅವರ ಕಣ್ಣು ತುಂಬಿತ್ತು. ನನಗೆ ಯಾರ ಮೇಲಾದರೂ ಕೂಗಾಡಬೇಕಿತ್ತು. ಹೊಟ್ಟೆಯೊಳಗಿನಿಂದ ಮಗಳನ್ನು ಇನ್ನೊಮ್ಮೆ ಕಿತ್ತುಕೊಂಡ ಹಾಗಾಗಿತ್ತು. ಕೂಗಾಡಬೇಕಾದ ಮನುಷ್ಯ ಕಾಫಿ ತರಲು ಹೋಗಿದ್ದರು. ಯಾರಿಗೆ ಸಕ್ಕರೆ ಬೇಕು, ಯಾರಿಗೆ ಬೇಡ ಎಂದು ಎರಡೆರಡು ಸಲ ಕೇಳಿಕೊಂಡು ಹೋಗಿದ್ದರು.

ಈ ಗಂಡಸು ತಾನೇ ಕೈಯಾರೆ ಅಳಿಸಿದೆ ಎಂದು ತಿಳಿದರೆ ಮತ್ತೆ ಆ ಕುರ್ಚಿಗೆ ಹೋಗಿ ಕೂರುತ್ತಾರೆ. ಈ ಸಲ ಏಳುವುದಿಲ್ಲ. ಅದು ನನಗೆ ನನ್ನ ಹೆಸರಿನಷ್ಟೇ ಖಚಿತವಾಗಿ ಗೊತ್ತಿತ್ತು.

"ಮುಚ್ಚಿಬಿಡಿ," ಎಂದೆ ಕಿರ್ಸ್ಟನ್‌ಗೆ. "ಅವರಿಗೆ ಹೇಳಬೇಡಿ."

ಆಕೆ ಚೀಲದಿಂದ ತೆಳು ಕಾಗದ ತೆಗೆದು, ಅಂಟು ಸವರಿ, ಗಾಯಕ್ಕೆ ಪಟ್ಟಿ ಹಚ್ಚುವಷ್ಟು ಮೆತ್ತಗೆ ಮೂರೂ ಕಡೆ ಅಂಟಿಸಿದರು.

ಕಾರಿನ ಬಾಗಿಲು ಹಾಕಿದ ಸದ್ದಾಯಿತು. ದ್ವಾರಕಾನಾಥರು ಮೂರು ಲೋಟ ಹಿಡಿದು ಬಾಗಿಲಲ್ಲೇ ನಿಂತರು, ಒಳಗೆ ಬರಲು ಧೈರ್ಯವಿಲ್ಲ. "ಏನಂತೆ ವಸು? ಇದೆಯಂತಾ?"

"ಇದೆ ರೀ."

"ಬಣ್ಣ?"

"ನಿನ್ನೆ ಬರೆದ ಹಾಗಿದೆ. ನನ್ನ ಸೀರೆ ಅಂಚು ಕಾಣಿಸ್ತು." ಎಲ್ಲಿಂದ ಬಂತೋ ನನ್ನ ಗಂಟಲಿಗೆ ಅಷ್ಟು ಗಟ್ಟಿ ದನಿ. "ಈಗ್ಲೇ ತೆಗೀಬಾರ್ದಂತೆ. ಇಂಥದ್ದನ್ನ ತೆಗೆಯೋದು ಮುಂದಿನವರ ಕೆಲಸವಂತೆ. ನಮ್ಮ ಕಾಲಕ್ಕಲ್ಲ."

ಅವರು ಕಿರ್ಸ್ಟನ್ ಕಡೆ ನೋಡಿದರು. ಕನ್ನಡದ ಒಂದಕ್ಷರ ಬಾರದ ಆ ಹೆಂಗಸು ಮೆಲ್ಲನೆ ತಲೆಯಾಡಿಸಿದರು.

"ಮುನ್ನೂರು ವರ್ಷ," ಎಂದರು ದ್ವಾರಕಾನಾಥರು. ಮುಖ ಅರಳಿತು, ಅಷ್ಟು ಅರಳಿದ್ದನ್ನು ನಾನು ವಿಭಾ ಇದ್ದಾಗ ನೋಡಿದ್ದು. "ಯಾರೋ ಕೆರೆದು ನೋಡ್ತಾರೆ, ಯಾರಪ್ಪಾ ಇವಳು ಬೆಣ್ಣೆಯವಳು ಅಂತ ತಲೆ ಕೆಡಿಸ್ಕೋತಾರೆ." ಲೋಟಗಳನ್ನು ನೆಲದ ಮೇಲಿಟ್ಟು ಬರುವಾಗಲೇ ಕಾರಿನ ಡಿಕ್ಕಿಗೆ ಹಾಕಿಕೊಂಡಿದ್ದ ಉಳಿದ ಪೇಂಟು, ಬ್ರಷ್ಷು ತಂದರು. ತೆರೆದ ಜಾಗ ಹಾಗೇ ಬಿಟ್ಟರೆ ಗಾಳಿ ನುಗ್ಗುತ್ತದಂತೆ.

ಕೆಳಮೂಲೆ ಕತ್ತಲು. ಫೋನಿನ ಬೆಳಕು ಹಿಡಿ ಎಂದರು. ಮೊಣಕಾಲೂರಿ, ಕಾಗದದ ಪಟ್ಟಿಯ ಮೇಲೆ ಬ್ರಷ್ಷನ್ನು ಸರಾಗವಾಗಿ ಮೇಲಿಂದ ಕೆಳಕ್ಕೆ ಎಳೆದರು. ನಾನು ಅವರ ನೆತ್ತಿಯ ಮೇಲೆ ಬಗ್ಗಿ ಬೆಳಕು ಹಿಡಿದಿದ್ದೆ.

"ಇನ್ನೊಂದು ಕೋಟು ಹಾಕಿಬಿಡ್ಲಾ, ವಸು?"

"ಹಾಕಿಬಿಡಿ," ಎಂದೆ.