ಹರಳೆಣ್ಣೆ ಸೀಸೆಯ ಮೇಸ್ತ್ರಿ

ಮುರುಗೇಂದ್ರಪ್ಪ ಮೇಸ್ತ್ರಿಯ ಬಲಗಾಲು ಅವರ ಮಾತು ಕೇಳುತ್ತಿರಲಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿರಲಿ, ಮದುವೆಮನೆಯ ಪಂಕ್ತಿಯಲ್ಲಿ ಕೂತಿರಲಿ, ಮಠದ ಅಂಗಳದಲ್ಲಿ ಪ್ರವಚನಕ್ಕೆ ಕಣ್ಣುಮುಚ್ಚಿ ತಲೆದೂಗುತ್ತಿರಲಿ, ಹೊರಗೆಲ್ಲೋ ಒಂದು ಗಾಡಿ ಬ್ರೇಕು ಒತ್ತಿದ ಸದ್ದು ಕಿವಿಗೆ ಬಿದ್ದರೆ ಸಾಕು, ಆ ಕಾಲು ಹಿಮ್ಮಡಿ ಊರಿ, ಹೆಬ್ಬೆರಳಿನಿಂದ ನೆಲವನ್ನು ತಡಕಿ, ಇಲ್ಲದ ಪೆಡಲನ್ನು ಮೆಲ್ಲಗೆ ಒತ್ತಿ, ಒಂದು ಗಳಿಗೆ ಹಾಗೇ ಹಿಡಿದು ಬಿಡುತ್ತಿತ್ತು. ಆಮೇಲೆ "ಹಿಂದಿನ ಎಡಗಾಲಿ ಹಿಡೀತಿಲ್ಲ" ಎಂದು ತಮಗೆ ತಾವೇ ಹೇಳಿಕೊಳ್ಳುವರು. ಪಕ್ಕದಲ್ಲಿದ್ದವರು ನಗುತ್ತಿದ್ದರು. ಆದರೆ ಚಳ್ಳಕೆರೆಯ ಪಾವಗಡ ರಸ್ತೆಯ ಅವರ ಗಾಡಿ ರಿಪೇರಿಯ ಶೆಡ್ಡಿಗೆ ಮರುದಿನ ಅದೇ ಗಾಡಿ ಬಂದು ನಿಂತರೆ, ಕೆಟ್ಟಿರುತ್ತಿದ್ದುದು ಹಿಂದಿನ ಎಡಗಾಲಿಯೇ.

ಇನ್ನು ಅವರ ಕೋಟು. ಏಪ್ರಿಲ್ ತಿಂಗಳಲ್ಲಿ ಡಾಂಬರು ಚಪ್ಪಲಿಗೆ ಅಂಟಿಕೊಂಡು ಬರುವ ಊರಿನಲ್ಲಿ ಈ ಮನುಷ್ಯ ವರ್ಷವಿಡೀ ಕರಿಕಂಬಳಿಯಿಂದ ಹೊಲಿಸಿದ ತೋಳಿಲ್ಲದ ಕೋಟು ತೊಟ್ಟು ತಿರುಗುತ್ತಿದ್ದರು. ಆ ಕಂಬಳಿ ಬಂದದ್ದು ಚಿಕ್ಕೀರಪ್ಪನ ಮನೆಯಿಂದ. ಮೊಳಕಾಲ್ಮುರು ಕಡೆಯ ಒಂದು ಹಟ್ಟಿಯಲ್ಲಿ ತಲೆತಲಾಂತರದಿಂದ ಕುರಿ ಕಾಯುತ್ತಿದ್ದ ಮನೆತನದ ಈತ, ಕುರಿಯ ಹಿಂದೆ ನಡೆದು ಸಾಕಾಗಿ, ಎಂಬತ್ತರ ದಶಕದ ಕೊನೆಯಲ್ಲಿ ಚಳ್ಳಕೆರೆಗೆ ಬಂದು ಮೇಸ್ತ್ರಿಯ ಕೈಕೆಳಗೆ ಡ್ರೈವಿಂಗ್ ಕಲಿತ. ಲೈಸೆನ್ಸು ಕೈಗೆ ಬಂದ ವರ್ಷ ಅವನ ಹೆಂಡತಿ ಬೋರಕ್ಕ ತಾನೇ ನೂತ ಉಣ್ಣೆಯಲ್ಲಿ ಕಂಬಳಿ ನೇಯಿಸಿ ಗುರುಕಾಣಿಕೆ ಎಂದು ಕಳಿಸಿದಳು. ಮೇಸ್ತ್ರಿ ಅದನ್ನು ನೇರ ದರ್ಜಿಯ ಅಂಗಡಿಗೆ ಒಯ್ದರು. ಯಾಕೆಂದು ಕೇಳಿದವರಿಗೆ, "ಹೊದ್ರೆ ರಾತ್ರಿ ಅಷ್ಟೇ, ತೊಟ್ರೆ ಹಗಲೆಲ್ಲ ಮೈಮ್ಯಾಲಿರ್ತೈತೆ" ಎಂದರು. ಪ್ರೀತಿಯ ಮಾತಿಗೆ ಅದಕ್ಕಿಂತ ಹತ್ತಿರವಾದದ್ದನ್ನು ಅವರ ಬಾಯಿಂದ ಯಾರೂ ಕೇಳಿಲ್ಲ.

ಆ ಕೋಟಿನ ಎಡಜೇಬಿನಲ್ಲಿ ಬಟ್ಟೆ ಸುತ್ತಿದ ಬಿರಡೆಯ ಸಣ್ಣ ಸೀಸೆಯೊಂದು ಸದಾ ಇರುತ್ತಿತ್ತು. ಅದರ ತುಂಬ ಹರಳೆಣ್ಣೆ. ಎಣ್ಣೆಮಿಲ್ಲುಗಳ ಊರಿನಲ್ಲಿ ಇದು ಬರಿಯ ಶೋಕಿಯಲ್ಲ. ಹಳೆಯ ಜೀಪುಗಳ ಕಾಲದಲ್ಲಿ ಬ್ರೇಕಿಗೆ ಹಾಕುವ ಆಯಿಲನ್ನೇ ಹರಳೆಣ್ಣೆ ಬೆರೆಸಿ ಮಾಡುತ್ತಿದ್ದರು. ಬ್ರೇಕಿನೊಳಗಿನ ಆಗಿನ ರಬ್ಬರಿಗೆ ಅದು ಒಗ್ಗುತ್ತಿತ್ತು. ಡಬ್ಬಿಯ ಆಯಿಲು ಸಿಗದ ಕಡೆ, ಸಿಗದ ಹೊತ್ತಿನಲ್ಲಿ, ಗಾಣದಿಂದ ಹಿಡಿದು ತಂದ ಅರ್ಧ ಲೋಟ ಹರಳೆಣ್ಣೆಯೇ ಎಷ್ಟೋ ಜೀಪುಗಳನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಿದೆ. ಎಣ್ಣೆಮಿಲ್ಲಿನ ಮಾಲೀಕ ಓಂಕಾರಮೂರ್ತಿಯವರ ತಂದೆ ಶಿವಮೂರ್ತಪ್ಪನವರ ಜೀಪು ಹಾಗೆ ಇಪ್ಪತ್ತು ವರ್ಷ ಓಡಿತು. ಮೇಸ್ತ್ರಿಯ ಹೆಸರು ಆಂಧ್ರದ ಗಡಿಯವರೆಗೆ ಹಬ್ಬಿದ್ದೇ ಆ ಸೀಸೆಯ ಮೇಲೆ.

2003ರಲ್ಲಿ ಓಂಕಾರಮೂರ್ತಿಯವರು ಅಪ್ಪನ ಜೀಪನ್ನು ಕೊಟ್ಟು ಹೊಸ ಗಾಡಿ ತಂದರು. ಹೆಸರು ಹಳೆಯದೇ, ಆದರೆ ಕಂಪನಿಯವರು ಆ ವರ್ಷ ಅದರ ಮೈಯನ್ನೂ ಹೊಟ್ಟೆಯನ್ನೂ ಪೂರಾ ಬದಲಿಸಿದ್ದರು: ದುಂಡನೆಯ ಮೂತಿ, ಗುಂಡಿ ಒತ್ತಿದರೆ ಏರುವ ಗಾಜು, ತಣ್ಣನೆ ಗಾಳಿ, ಏಳು ಜನರಿಗೆ ಮೆತ್ತನೆ ಸೀಟು. ಗೌರಸಮುದ್ರದ ಮಾರಮ್ಮನ ಕುಂಕುಮ ಬಾನೆಟ್ಟಿನ ಮೇಲೆ ಆರುವ ಮೊದಲೇ ಅದರ ಕಾಯಿಲೆಗಳು ಶುರುವಾದವು. ಏರಿದ ಗಾಜು ಇಳಿಯಲಿಲ್ಲ. ಬಿಸಿಲಿಗೆ ನಿಲ್ಲಿಸಿದರೆ ಸ್ಟಾರ್ಟ್ ಆಗಲಿಲ್ಲ. ಎದುರಿನ ಕೆಂಪು ದೀಪವೊಂದು ಕಾರಣವಿಲ್ಲದೆ ಉರಿದು ಕಾರಣವಿಲ್ಲದೆ ಆರಿತು. ಮೂರನೆಯ ತಿಂಗಳಿಗೆ ಬ್ರೇಕಿನ ಪೆಡಲು ಮೆತ್ತಗಾಯಿತು.

ಗಾಡಿಯ ಡ್ರೈವರು ಚಿಕ್ಕೀರಪ್ಪನೇ. ದೊಡ್ಡೂರಿನ ಶೋರೂಮಿಗೆ ಅವನು ಮೂರು ಸಲ ಗಾಡಿ ಒಯ್ದ. ಮೂರು ಸಲವೂ ಅವರು ವಾರಗಟ್ಟಲೆ ಇಟ್ಟುಕೊಂಡು, ತೊಳೆದು, ಒಳಗೆ ಸುಗಂಧ ಚಿಮುಕಿಸಿ, 'ಯಾವ ದೋಷವೂ ಕಂಡುಬಂದಿಲ್ಲ' ಎಂಬ ಅಚ್ಚಿನ ಹಾಳೆಯನ್ನು ಕೈಗಿಟ್ಟು ಕಳಿಸಿದರು. ಹೊರಗಿನ ಮೆಕ್ಯಾನಿಕ್ಕು ಒಂದು ಬೋಲ್ಟು ಮುಟ್ಟಿದರೂ ವಾರಂಟಿ ಹೋಯಿತೆಂದು ಅದೇ ಹಾಳೆಯ ಅಡಿಯಲ್ಲಿ ಬರೆದಿತ್ತು. ಓಂಕಾರಮೂರ್ತಿಯವರು ಶೆಡ್ಡಿಗೆ ಬಂದು ಸಂಕೋಚದಿಂದಲೇ ಹೇಳಿದರು: "ಮುರುಗೇಂದ್ರಪ್ಪ, ತಪ್ಪು ತಿಳೀಬ್ಯಾಡ್ರಿ. ಈ ಗಾಡಿಗೆ ಮಾತ್ರ ನೀವು ಕೈ ಹಾಕ್ಬ್ಯಾಡ್ರಿ." ಮೇಸ್ತ್ರಿ ಆಗಲೆಂದು ತಲೆಯಾಡಿಸಿದರು. ಅಂದಿನಿಂದ ಆ ಗಾಡಿ ರಸ್ತೆಯಲ್ಲಿ ಹಾದುಹೋದಾಗಲೆಲ್ಲ ಬಲಗಾಲು ನೆಲ ಒತ್ತುತ್ತಿತ್ತು. ಊಟದ ನಡುವೆಯೂ ಒತ್ತುತ್ತಿತ್ತು.

ಒಂದು ಮಧ್ಯಾಹ್ನ ಚಿಕ್ಕೀರಪ್ಪ ಗಾಡಿಯನ್ನು ಶೆಡ್ಡಿನ ಹಿಂದೆ ಮರೆಯಲ್ಲಿ ತಂದು ನಿಲ್ಲಿಸಿದ.

"ಮೇಸ್ತ್ರೀ, ಪೆಡ್ಲು ಮತ್ತೆ ಒಳಕ್ಕೆ ಹೋಗ್ತೈತೆ. ಶೋರೂಮ್ನೋರು ಹನ್ನೆರಡು ದಿನ ಬಿಟ್ಟು ಬಾ ಅಂದಾರೆ. ಬರೋ ವಾರ ಅಮ್ಮಾರನ್ನ ಮೊಳಕಾಲ್ಮುರಿಗೆ ಕರ್ಕೊಂಡೋಗ್ಬೇಕು, ಸೀರೆ ನೋಡಾಕೆ."

ಬಾನೆಟ್ಟು ಎತ್ತಿದ ಮೇಸ್ತ್ರಿಗೆ ಕಾಯಿಲೆ ಕಾಣಲು ಕಣ್ಣುರೆಪ್ಪೆ ಬಡಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ಆಯಿಲು ಗೆರೆಯಿಂದ ಎರಡು ಬೆರಳು ಕೆಳಗಿತ್ತು. ಪೆಡಲಿನ ಒತ್ತಡವನ್ನು ಗಾಲಿಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರಿನ ಅಡಿಯಲ್ಲಿ ನೂಲಿನೆಳೆಯಷ್ಟು ಸಣ್ಣ ಒದ್ದೆ ಇಳಿದಿತ್ತು. "ಸೋರ್ತೈತೆ ಕಣಲೇ. ಹೊಸ ಸಿಲಿಂಡ್ರೇ ಸೋರ್ತೈತೆ. ಮೂರು ಸಲ ಬಿಚ್ಚಿದ ನನ್ನ ಮಕ್ಳಿಗೆ ಇದು ಕಾಣ್ಲಿಲ್ವೇನೋ?" ಸಿಲಿಂಡರು ಬಿಚ್ಚುವಂತಿರಲಿಲ್ಲ, ವಾರಂಟಿ. ಆದರೆ ತುಂಬಿಸಿದರೆ ಯಾರಿಗೆ ಗೊತ್ತಾಗುತ್ತದೆ? ಎಡಗೈ ತಾನಾಗಿ ಜೇಬಿಗೆ ಹೋಯಿತು. ಬ್ರೇಕ್ ಆಯಿಲಿನ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು. ಅವರು ಹೆಬ್ಬೆರಳಿನಿಂದ ಅದರ ಧೂಳು ಒರೆಸಿದರು, ಓದಲಿಲ್ಲ.

"ಹೊಸಾದಕ್ಕೂ ಇದು ಆಗ್ತೈತಾ ಮೇಸ್ತ್ರೀ?" ಎಂದ ಚಿಕ್ಕೀರಪ್ಪ.

"ರಬ್ಬರು ರಬ್ಬರೇ ಕಣಲೇ" ಎಂದು ಮೇಸ್ತ್ರಿ ಸೀಸೆ ಬಗ್ಗಿಸಿ ಗೆರೆಯವರೆಗೆ ತುಂಬಿದರು.

ಇಪ್ಪತ್ತೈದು ವರ್ಷದ ಅನುಭವ ಆ ಮೂರು ಪದಗಳಲ್ಲಿತ್ತು, ಇಪ್ಪತ್ತೈದು ವರ್ಷದ ಅಹಂಕಾರವೂ ಇತ್ತು. ಗಾಡಿ ತಯಾರಿಸುವವರು ಈ ನಡುವೆ ರಬ್ಬರಿನ ಜಾತಿಯನ್ನೇ ಬದಲಿಸಿದ್ದಾರೆ, ಹರಳೆಣ್ಣೆ ತಾಗಿದರೆ ಆ ಹೊಸ ರಬ್ಬರು ದಿನದಿನಕ್ಕೆ ಊದಿಕೊಂಡು ಕೆಲಸಕ್ಕೆ ಬಾರದಾಗುತ್ತದೆ ಎಂಬುದನ್ನು ಯಾರೂ ಈ ಶೆಡ್ಡಿಗೆ ಬಂದು ಹೇಳಿರಲಿಲ್ಲ. ಇಬ್ಬರೂ ದನ ಮೇಯುವ ಉಳ್ಳಾರ್ತಿ ಕಾವಲಿನ ಪಕ್ಕದ ನೇರ ರಸ್ತೆಗೆ ಹೋಗಿ ಗಾಡಿಯನ್ನು ಎಂಬತ್ತಕ್ಕೆ ಏರಿಸಿ ಬ್ರೇಕು ಒತ್ತಿ ನೋಡಿದರು. ಹಗ್ಗ ಜಗ್ಗಿದ ಎತ್ತಿನ ಹಾಗೆ ಗಾಡಿ ನಿಂತಿತು. ಮೇಸ್ತ್ರಿಯ ಮುಖ ಅರಳಿತು. ಇಳಿಯುವ ಮುಂಚೆ ಒಂದು ಮಾತು ಹೇಳಿದರು: "ಸಾವ್ಕಾರ್ರಿಗೆ ಹೇಳ್ಬ್ಯಾಡ." ಚಿಕ್ಕೀರಪ್ಪ, "ನಾನ್ಯಾಕ್ ಹೇಳ್ಲಿ" ಎಂದ.

ಒಂಬತ್ತನೆಯ ದಿನ, ಮೊಳಕಾಲ್ಮುರಿನಿಂದ ಸೀರೆ ತೆಗೆದುಕೊಂಡು ಮರಳುವಾಗ, ಬಂಡೆಗುಡ್ಡಗಳ ನಡುವಿನ ಇಳಿಜಾರಿನಲ್ಲಿ ಪೆಡಲು ನೆಲಕ್ಕೆ ಅಂಟಿತು. ಕೈಬ್ರೇಕು ಹಿಡಿಯಲಿಲ್ಲ. ಇಳಿಜಾರು ಮುಗಿಯುವಲ್ಲಿ ಬಸ್ಸಿಗೆ ಕಾದು ನಿಂತ ಜನ. ಹಿಂದಿನ ಸೀಟಿನಲ್ಲಿ ಓಂಕಾರಮೂರ್ತಿಯವರ ಹೆಂಡತಿ ಜಗದಾಂಬ, ಮಗಳು ಶಿಲ್ಪಾ. ಚಿಕ್ಕೀರಪ್ಪ ಗಾಡಿಯನ್ನು ತನ್ನ ಮಗ್ಗುಲಿನ ಬಂಡೆಗೆ ಉಜ್ಜಿಸಿಕೊಂಡು ಹೋಗಿ ನಿಲ್ಲಿಸಿದ. ತಾಯಿಯ ಕೈ ಮುರಿಯಿತು, ಮಗಳಿಗೆ ತರಚುಗಾಯ. ಬಂಡೆಯ ಕಡೆಗಿದ್ದ ಚಿಕ್ಕೀರಪ್ಪ ಬಳ್ಳಾರಿಯ ಆಸ್ಪತ್ರೆಯಲ್ಲಿ ಮೂರು ದಿನವಷ್ಟೇ ಬದುಕಿದ.

ಎರಡನೆಯ ದಿನ ಓಂಕಾರಮೂರ್ತಿಯವರು ಮಂಚದ ಮೇಲೆ ಬಾಗಿ, "ಗಾಡೀನ ಹೊರಗೆ ಯಾರತ್ರಾನಾ ತೋರ್ಸಿದ್ಯಾ ಚಿಕ್ಕೀರ?" ಎಂದು ಕೇಳಿದಾಗ ಮುರುಗೇಂದ್ರಪ್ಪನವರು ಕಾಲ ಬಳಿಯೇ ನಿಂತಿದ್ದರು. ಚಿಕ್ಕೀರಪ್ಪ ಅವರನ್ನು ನೋಡಿದ. ನೋಡಿ, ಇಲ್ಲವೆಂದು ತಲೆಯಾಡಿಸಿದ. ಕೊಟ್ಟ ಮಾತನ್ನು ಅವನು ಹಾಗೆ ಉಳಿಸಿ ಹೋದ.

ಅಲ್ಲಿಗೆ ಮೇಸ್ತ್ರಿ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಮುಂದೆ ಪೊಲೀಸ್ ಠಾಣೆಯ ಅಂಗಳದಲ್ಲಿ ಕಂಪನಿಯ ಪರೀಕ್ಷಕ ಗಾಡಿ ಬಿಚ್ಚುವ ದಿನ, ಓಂಕಾರಮೂರ್ತಿಯವರು ನಮ್ಮ ಕಡೆಯಿಂದಲೂ ತಿಳಿದವರೊಬ್ಬರು ಇರಲಿ ಎಂದು ಕರೆದುಕೊಂಡು ಹೋದದ್ದು ಇವರನ್ನೇ. ಪರೀಕ್ಷಕ ಬ್ರೇಕಿನ ಆಯಿಲನ್ನು ಗಾಜಿನ ಬಾಟಲಿಗೆ ಇಳಿಸಿ ಬಿಸಿಲಿಗೆ ಹಿಡಿದ. ಬೆರೆಯದ ಎರಡು ಪದರಗಳು ಬೇರೆಬೇರೆಯಾಗಿ ನಿಂತವು. ಒಳಗಿನ ರಬ್ಬರು ನೆನೆಸಿದ ಕಡಲೆಯ ಹಾಗೆ ಊದಿತ್ತು.

"ಏನ್ರಿ ಇದು ಮುರುಗೇಂದ್ರಪ್ಪ?" ಎಂದರು ಓಂಕಾರಮೂರ್ತಿಯವರು.

"ಹರಳೆಣ್ಣೆ."

"ಯಾರು ಹಾಕಿದ್ದು?"

ಬಲಗಾಲು ನೆಲವನ್ನು ಒತ್ತಿ ಹಿಡಿಯಿತು. ಕೈ ಜೇಬಿನ ಸೀಸೆಯ ಮೇಲಿತ್ತು. ಸಿಲಿಂಡರಿನ ಅಡಿಯಲ್ಲಿ ಸೋರಿದ ಗುರುತು ಇನ್ನೂ ಇದೆ, ಅದನ್ನು ಕೇಳಿ ಎಂದು ಹೇಳಬೇಕೆನಿಸಿತು. ಆದರೆ ಅದು ಅಪಘಾತಕ್ಕೆ ಮೊದಲಿನ ಸೋರಿಕೆ ಎಂದು ತನಗೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಹೀಗೆ ಅವರ ಒಂದು ಮೌನ ಎರಡು ಅನ್ಯಾಯ ಮಾಡಿತು. ಕಂಪನಿಯನ್ನು ಬಿಡಿಸಿತು, ಸತ್ತವನನ್ನು ಸಿಕ್ಕಿಸಿತು. ಡ್ರೈವರು ಕಂಪನಿಯ ಆಯಿಲು ತೆಗೆದು ಅಗ್ಗದ ಎಣ್ಣೆ ತುಂಬಿದ್ದಾನೆಂದು ವರದಿ ಬಂತು. ತೆಗೆದ ಆಯಿಲನ್ನು ಮಾರಿಕೊಂಡನೆಂದು ಊರು ಸೇರಿಸಿತು. ಬೋರಕ್ಕನನ್ನು ಮಿಲ್ಲಿನ ಕೆಲಸಕ್ಕೆ ಬಾ ಎಂದಿದ್ದವರು ಬೇಡ ಎಂದರು. ಹಟ್ಟಿಯಲ್ಲಿ ಅವಳನ್ನು ಕಂಡರೆ ಕಳ್ಳನ ಹೆಂಡತಿ ಎನ್ನುವವರೂ ಹುಟ್ಟಿಕೊಂಡರು.

ನಾಲ್ಕು ತಿಂಗಳ ಮೇಲೆ, ಅದೇ ಮಾದರಿಯ ಗಾಡಿ ಓಡಿಸುವ ಹಿರಿಯೂರಿನ ಡ್ರೈವರೊಬ್ಬ ಶೆಡ್ಡಿನಲ್ಲಿ ಚಹಾ ಕುಡಿಯುತ್ತ ಮಾತಿನ ನಡುವೆ ಹೇಳಿದ: ಸರ್ವೀಸಿಗೆ ಬಿಟ್ಟ ಗಾಡಿಗಳಿಗೆಲ್ಲ ಕಂಪನಿಯವರು ಕೇಳದೆಯೇ ಮಾಸ್ಟರ್ ಸಿಲಿಂಡರು ಬದಲಿಸಿ ಕೊಡುತ್ತಿದ್ದಾರಂತೆ, ಕಾರಣ ಹೇಳುವುದಿಲ್ಲವಂತೆ. ಕಂಪನಿಯವರೂ ತಮ್ಮ ಹಾಗೆಯೇ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಾರೆಂದು ತಿಳಿದ ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟರು. ಮರುದಿನ ಮೊದಲ ಬಸ್ಸಿಗೆ ಹಟ್ಟಿಗೆ ಹೋದರು.

ಬೋರಕ್ಕ ಬಾಗಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ಒಳಗಿನಿಂದ ಅತ್ತೆ ಮೂಗಮ್ಮ "ಎವರಮ್ಮಾ?" ಎಂದು ತಮ್ಮ ಮನೆಮಾತು ತೆಲುಗಿನಲ್ಲಿ, ಬಂದವರು ಯಾರೆಂದು ಕೇಳಿದಳು. "ಮೇಸ್ತ್ರಿ" ಎಂದಳು ಬೋರಕ್ಕ, ಕದಿರು ನಿಲ್ಲಿಸಲಿಲ್ಲ. ಮುರುಗೇಂದ್ರಪ್ಪನವರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಸೀಸೆ, ಕಾವಲಿನ ರಸ್ತೆ, ಹೇಳಬೇಡ ಎಂದ ಮಾತು, ಆಸ್ಪತ್ರೆಯ ಮಂಚ, ಯಾವುದನ್ನೂ ಬಿಡಲಿಲ್ಲ.

ಅವಳು ಬಹಳ ಹೊತ್ತು ಆ ಕೋಟನ್ನೇ ನೋಡಿದಳು.

"ಅವ್ನು ನಿಮ್ಮ ಹೆಸ್ರು ಹೇಳ್ಲಿಲ್ಲ" ಎಂದಳು.

"ಹೇಳ್ಲಿಲ್ಲ ತಾಯಿ."

"ನೀವೂ ಹೇಳ್ಲಿಲ್ಲ."

ಅವರು ಕಾಲಿಗೆ ಬೀಳಲು ಬಾಗಿದರು. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. "ನನ್ನತ್ರ ಹೇಳಿದ್ರೆ ಏನು ಬಂತಣ್ಣ? ಅವ್ನು ಕಳ್ಳ ಅಂತ ಅವ್ರು ಬರ್ದು ಕೊಟ್ಟಾರೆ. ಬಾಯಲ್ಲಿ ಹೇಳಿದ್ದು ಯಾರು ಕೇಳ್ತಾರೆ? ನೀವೂ ಬರೀರಿ."

ಮೊದಲು ಓಂಕಾರಮೂರ್ತಿಯವರ ಬಳಿ ಹೋದರು. ಅವರು ಕೇಳಿ, ಕುರ್ಚಿಯಿಂದ ಎದ್ದು, ಕಿಟಕಿಯ ಹತ್ತಿರ ಹೋಗಿ ನಿಂತು, "ಗಾಡಿ ಗುಜರಿಗೆ ಹೋತು, ಫೈಲು ಮುಚ್ಚಿ ಹೋತು. ಆವತ್ತು ಅಂಗಳದಾಗೆ ಹೇಳಿದ್ರೆ ಕಂಪ್ನಿಯೋರನ್ನೂ ಹಿಡೀಬೋದಿತ್ತು. ಈಗ ಬಂದೀರಿ" ಎಂದರು. ತಿರುಗಿ ನೋಡಲಿಲ್ಲ. ಆಮೇಲೆ ಅವರ ಮಿಲ್ಲಿನ ಯಾವ ಗಾಡಿಯೂ ಆ ಶೆಡ್ಡಿಗೆ ಬರಲಿಲ್ಲ.

ಆ ವಾರವೇ ಮುರುಗೇಂದ್ರಪ್ಪನವರು ಬೋರ್ಡು ಬರೆಯುವವನನ್ನು ಕರೆಸಿದರು. ಶೆಡ್ಡಿನ ಗೋಡೆಯ ಮೇಲೆ 'ಬ್ರೇಕ್ ಕೆಲಸಕ್ಕೆ ಹೆಸರಾದವರು' ಎಂದು ಇದ್ದುದಕ್ಕೆ ಸುಣ್ಣ ಬಳಿಸಿ, ರಸ್ತೆಗೆ ಕಾಣುವಂತೆ ಕಪ್ಪಕ್ಷರದಲ್ಲಿ ಬರೆಸಿದರು: 'ಓಂಕಾರಮೂರ್ತಿಯವರ ಗಾಡಿಯ ಬ್ರೇಕಿಗೆ ಹರಳೆಣ್ಣೆ ಹಾಕಿದ್ದು ನಾನು. ಚಿಕ್ಕೀರಪ್ಪ ಅಲ್ಲ. ಅದಕ್ಕೂ ಮೊದಲೇ ಗಾಡಿ ಸೋರುತ್ತಿತ್ತು. ಮುರುಗೇಂದ್ರಪ್ಪ.' ಓದಿದವರು ಮುಂದಿನ ಅಂಗಡಿಗೆ ಹೋದರು. ಬ್ರೇಕು ಕೆಡಿಸಿದೆನೆಂದು ಗೋಡೆಯ ಮೇಲೆ ಬರೆಸಿಕೊಂಡವನ ಹತ್ತಿರ ಬ್ರೇಕು ಮಾಡಿಸುವವರು ಯಾರು? ಕೊನೆಕೊನೆಗೆ ಅವರು ಸೈಕಲ್ಲಿನ ಪಂಕ್ಚರು ಹಾಕಿ ಬದುಕಿದರು. ಕೋಟಿನ ಜೇಬು ಖಾಲಿಯಾಗಿತ್ತು, ಆದರೆ ಎಣ್ಣೆಯ ಜಿಡ್ಡು ಹೋಗಿರಲಿಲ್ಲ. ಪ್ರತಿ ವರ್ಷ ಧೂಳಿಗೆ ಅಕ್ಷರ ಮಸುಕಾದಾಗ ಮತ್ತೆ ಬರೆಸುವರು. ಇದೊಂದು ಖರ್ಚನ್ನು ಸಾಯುವವರೆಗೆ ಬಿಡಲಿಲ್ಲ.

ಬೋರಕ್ಕ ಒಂದೇ ಒಂದು ಸಲ ಬಂದಳು. ಅವಳಿಗೆ ಓದು ಬರುತ್ತಿರಲಿಲ್ಲ. "ಇದ್ರಾಗೆ ಅವ್ನ ಹೆಸ್ರು ಯಾವ್ದು?" ಎಂದು ಕೇಳಿದಳು. ಮೇಸ್ತ್ರಿ ತೋರಿಸಿದರು. ಅವಳು ಆ ನಾಲ್ಕು ಅಕ್ಷರಗಳ ಮೇಲೆ ಬೆರಳಿಟ್ಟು, ಮುಂದಿನದರ ಮೇಲೂ ಇಟ್ಟು, "ಇದು?" ಎಂದಳು. "ಅಲ್ಲ ಅಂತ" ಎಂದರು ಮೇಸ್ತ್ರಿ. ಅವಳು ಆ ಪದದ ಮೇಲೆ ಇನ್ನೊಂದು ಸಲ ಬೆರಳಾಡಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮುರುಗೇಂದ್ರಪ್ಪನವರನ್ನು ದೊಡ್ಡ ಮನುಷ್ಯರೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಮಾತು ಬೇಕಾಗಿದ್ದ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದವರು ಅವರು. ಆದರೆ ಕೈಯಿಂದ ಕೆಲಸ ಮಾಡಿ ಬದುಕಿದ ಆ ಬಗೆಯ ಜನಕ್ಕೆ ಒಂದು ಅನುಕೂಲ ಇರಲಿಲ್ಲ. ಅಚ್ಚಿನ ಹಾಳೆ ಕೊಡುವ ಕಂಪನಿಯವರ ತಪ್ಪು ಹತ್ತು ಮೇಜಿನ ಮೇಲೆ ಹರಿದು ಹಂಚಿ ಯಾರದೂ ಅಲ್ಲದ್ದಾಗಿಬಿಡುತ್ತದೆ. ಹೊಸ ಸಿಲಿಂಡರು ಹಾಕಿ ಕೊಟ್ಟರೆ ಅವರಿಗೆ ನಿದ್ದೆ ಬರುತ್ತದೆ. ಕೈಕೆಲಸದವನ ತಪ್ಪು ಅವನ ಕೈಯಲ್ಲೇ ಉಳಿಯುತ್ತದೆ. ತಡವಾಗಿಯಾದರೂ ಅದಕ್ಕೆ ತನ್ನ ಹೆಸರು ಹಾಕಿಕೊಳ್ಳಲೇಬೇಕಾಗುತ್ತದೆ, ಅದರಿಂದ ಸತ್ತವನು ಎದ್ದು ಬರುವುದಿಲ್ಲವೆಂದು ಗೊತ್ತಿದ್ದರೂ.