ಭಾವನ ಬೂಟು

ಬೂಟಿನ ಮೂತಿ ಒಳಕ್ಕಿರಬೇಕೋ, ಹೊರಕ್ಕೋ? ವಸತಿಗೃಹದ ಕೋಣೆಯ ಬಾಗಿಲಾಚೆ ಕುಕ್ಕರುಗಾಲಲ್ಲಿ ಕೂತ ರುಯಿಫೆನ್‌ಗೆ ತೀರ್ಮಾನವಾಗಲಿಲ್ಲ. ಹೊರಕ್ಕಿದ್ದರೆ ಇನ್ನೇನು ಹೊರಟವನಂತೆ, ಒಳಕ್ಕಿದ್ದರೆ ಬಂದು ಮಲಗಿದವನಂತೆ. ಒಳಕ್ಕೇ ತಿರುಗಿಸಿದಳು.

ಬೂಟು ಭಾವನದು. ತನ್ನ ಪ್ರಾಂತ್ಯ ಗಾನ್ಸುವಿನ ಆಲೂಗಡ್ಡೆ ಹೊಲದ ಹಳದಿ ಮಣ್ಣು ಅಟ್ಟೆಯ ಸಂದಿಯಲ್ಲಿ ಒಣಗಿ ಕೂತಿತ್ತು. "ತೊಳೀಬೇಡ್ವೇ. ಒಂಟಿ ಹೆಂಗಸು ಅಂತ ಗೊತ್ತಾದ್ರೆ ಆ ಊರಲ್ಲಿ ಬಿಟ್ಟಾರಾ? ಬಾಗಿಲಲ್ಲಿ ಇದಿದ್ರೆ ಒಬ್ಬ ಗಂಡಸೇ ಇದ್ದಂಗೆ," ಎಂದು ಅಕ್ಕ ಚೀಲಕ್ಕೆ ತುರುಕಿದ್ದಳು. ವಿಜ್ಞಾನ ಕಲಿಸುವ ರುಯಿಫೆನ್ ನಕ್ಕಿದ್ದಳು. ನಕ್ಕೂ ತಂದಿದ್ದಳು. ನಾಳೆ ಈ ಚೋಂಗ್‌ಚಿಂಗ್ ನಗರದ ಶಾಲೆಯೊಂದರಲ್ಲಿ ಸಂದರ್ಶನ. ಕೆಲಸ ಸಿಕ್ಕರೆ ಹಳ್ಳಿಗೆ ಮರಳಬೇಕಿಲ್ಲ.

ಹಜಾರದಲ್ಲಿ ಬೀನ್ಸಿನ ನಾರು ಬಿಡಿಸುತ್ತಿದ್ದ ವಸತಿಗೃಹದೊಡತಿ ಪೆಂಗ್ ಅಕ್ಕ ತಲೆಯೆತ್ತಿದಳು.

"ಯಜಮಾನ್ರು ಯಾವಾಗ ಬಂದ್ರು ಟೀಚರಮ್ಮ? ಗುರುತಿನ ಚೀಟಿ ತೋರಿಸ್ಲೇ ಇಲ್ಲ."

"ಬೆಳಿಗ್ಗೇನೇ. ಎದ್ಮೇಲೆ ತೋರಿಸ್ತಾರೆ. ಬಾಗಿಲು ಮಾತ್ರ ಬಡೀಬೇಡಿ ಅಕ್ಕ, ಸಿಟ್ಟು ಜಾಸ್ತಿ."

"ಕೈ ಮಾಡ್ತಾನಾ?"

ರುಯಿಫೆನ್ ಬೂಟನ್ನು ತುಸು ಸರಿಸಿಟ್ಟಳು. "ಒಮ್ಮೊಮ್ಮೆ."

"ನಮ್ಮನೆಯವನೂ ಅದೇ ಜಾತಿ. ಈಗ ಫೋಟೋದಲ್ಲಿದಾನೆ, ತೆಪ್ಪಗೆ."

ಇಲ್ಲದ ಗಂಡನಿಗೆ ಹೊಡೆಯುವ ಕೈಯನ್ನೂ ಕೊಟ್ಟಿದ್ದಕ್ಕೆ ಅವಳಿಗೆ ನಾಚಿಕೆಯಾಗಲಿಲ್ಲ. ಏನೋ ಬೆಚ್ಚಗೆನಿಸಿತು. ಊರಲ್ಲಿ ಅವಳನ್ನು ಯಾರೂ ಇಷ್ಟು ಅಕ್ಕರೆಯಿಂದ ವಿಚಾರಿಸಿದವರಿಲ್ಲ.

ಮಧ್ಯಾಹ್ನ ಎರಡು ಬಟ್ಟಲು ನೂಡಲ್ಸ್ ತರಿಸಿದಳು. "ರೀ, ಊಟ ಬಂತು," ಎಂದು ಹಜಾರಕ್ಕೆ ಕೇಳುವಂತೆ ಕೂಗಿ ಬಾಗಿಲಿಗೆ ಚಿಲಕ ಹಾಕಿದಳು. ತನ್ನದನ್ನು ತಿಂದು, ಅವನ ಪಾಲನ್ನು ಕೋಣೆಗೇ ಸೇರಿದ ಬಚ್ಚಲಲ್ಲಿನ ಕಕ್ಕಸಿನ ಗುಂಡಿಗೆ ಸುರಿದಳು. ಖಾರದ ಕೆಂಪೆಣ್ಣೆ ಬಚ್ಚಲ ಹಾಸಿನ ಮೇಲೆಲ್ಲ ಚೆಲ್ಲಿತು. ಆಮೇಲೆ ತೊಳೆದರಾಯಿತು ಎಂದುಕೊಂಡು, ಸಂದರ್ಶನದ ಉತ್ತರಗಳನ್ನು ಬಾಯಿಪಾಠ ಮಾಡುತ್ತ ಕೂತಳು.

ಸಂಜೆ ತಲೆಗೆ ನೀರು ಹಾಕಿಕೊಳ್ಳಲು ಬರಿಗಾಲಲ್ಲಿ ಹೋದವಳು ಆ ಎಣ್ಣೆಯ ಮೇಲೆ ಜಾರಿದಳು. ಸೊಂಟದಲ್ಲೇನೋ ಲಟಕ್ಕೆಂದಿತು. ಕಾಲು ಎಳೆದರೆ ಕಣ್ಣು ಕತ್ತಲಿಟ್ಟಿತು. ಫೋನು ಹಾಸಿಗೆಯ ಮೇಲಿತ್ತು.

"ಯಾರಾದ್ರೂ ಬನ್ನಿ! ಕಾಪಾಡಿ!"

ಹಜಾರದಲ್ಲಿ ಹೆಜ್ಜೆಗಳು ನಿಂತವು.

"ಪೆಂಗ್ ಅಕ್ಕ, ಹೆಂಗಸು ಕಿರುಚ್ತಿದಾಳಲ್ಲ?" ಪಕ್ಕದ ಕೋಣೆಯವನ ದನಿ.

"ಗಂಡ ಹೆಂಡ್ತಿ ಕಣೋ. ಬೂಟು ಕಾಣಲ್ವಾ?"

"ಹೊಡೀತಿದಾನೋ ಏನೋ. ಬಡೀಲಾ?"

"ಬಡಿದ್ರೆ ಇನ್ನೂ ನಾಲ್ಕು ಬಿಡ್ತಾನೆ. ಅವಳೇ ಹೇಳಿದಾಳೆ, ಬಡೀಬೇಡಿ ಅಂತ."

"ಗಂಡ ಇಲ್ಲ!" ರುಯಿಫೆನ್ ಕೂಗಿದಳು. "ನನಗೆ ಗಂಡಾನೇ ಇಲ್ಲ! ಒಳಗೆ ಯಾರೂ ಇಲ್ಲ!"

ಹೊರಗೆ ಪೆಂಗ್ ಅಕ್ಕ ನಕ್ಕಳು.

"ಕೇಳಿದ್ಯಾ? ಏಟು ಬಿದ್ದಾಗ ನಾನೂ ಹಿಂಗೇ ಅಂತಿದ್ದೆ. ನನಗೆ ಗಂಡಾನೇ ಇಲ್ಲ ಅಂತ. ನಡಿ, ನಡಿ."

ಪಕ್ಕದ ಬಾಗಿಲು ಮುಚ್ಚಿತು. ಟಿವಿಯ ಸದ್ದು ಏರಿತು.

ರುಯಿಫೆನ್ ಮತ್ತೆ ಕೂಗಿದಳು. ಕೂಗಿದಷ್ಟೂ ಟಿವಿ ಏರಿತು.

ಸ್ವಲ್ಪ ಹೊತ್ತಿಗೆ ಪೊರಕೆಯ ಸದ್ದು. "ಏನು ಮಣ್ಣಪ್ಪಾ ಇದು," ಎಂದು ಗೊಣಗುತ್ತ ಪೆಂಗ್ ಅಕ್ಕ ಬೂಟುಗಳನ್ನು ಒಂದಕ್ಕೊಂದು ಬಡಿದು ಕೊಡವಿ ಗುಡಿಸಿದಳು. ಎಲ್ಲಿತ್ತೋ ಅಲ್ಲೇ ಜೋಡಿಸಿಟ್ಟು ಹೋದಳು.

ಬಚ್ಚಲ ನೆಲಕ್ಕೆ ಕೆನ್ನೆಯೊತ್ತಿ ಬಿದ್ದಲ್ಲಿಂದ, ತೆರೆದಿದ್ದ ಬಚ್ಚಲ ಬಾಗಿಲಿನ ಮೂಲಕ, ಕೋಣೆಯ ಬಾಗಿಲಿನಡಿಯ ಬೆಳಕಿನ ಗೆರೆ ಕಾಣುತ್ತಿತ್ತು. ಅದರಲ್ಲಿ ಎರಡು ಕರಿ ಮೂತಿಗಳು, ಒಳಕ್ಕೇ ಮುಖ ಮಾಡಿ. ಯಾರೋ ಬಂದು ನಿಂತಂತೆ. ಬಾಗಿಲು ತೆಗೆಯಲೆಂದು ಕಾಯುತ್ತಿರುವಂತೆ.