ಮೂರು ಲೋಟ ಇಂಜಿನ್ ಆಯಿಲ್

ಬೆಳಗಿನ ರೈಲಿನ ಜನ ಇಳಿದು ಚದುರಿದ್ದರು. ಬಾಡಿಗೆ ಸಿಕ್ಕ ಟ್ಯಾಕ್ಸಿಗಳು ಹೊರಟುಹೋಗಿದ್ದವು. ಸಿಗದವರು ಸ್ಟೇಷನ್ ಗೋಡೆಯ ನೆರಳಿನಲ್ಲಿ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆ ಸ್ಟ್ಯಾಂಡಿನಲ್ಲಿ ಅದು ಹಲ್ಲುಜ್ಜಿದಷ್ಟೇ ರೂಢಿ. ಹೆಂಡತಿಯ ಮುಖ ಬಾಡಿದ್ದು ಕಾಣದ ಗಂಡಸರಿಗೂ ಆಯಿಲ್ ಕೂದಲೆಳೆಯಷ್ಟು ಕಪ್ಪಾದರೆ ಕಾಣುತ್ತಿತ್ತು.

ಅಲ್ಲಿ ಆಯಿಲ್ ಅಂದರೆ ಒಂದೇ ಆಯಿಲ್, ಡಬ್ಬಿಯ ಮೇಲೆ ರೆಕ್ಕೆ ಬಿಚ್ಚಿದ ಹದ್ದಿನ ಚಿತ್ರ ಇದ್ದದ್ದು. ಅದನ್ನು ಎಲ್ಲರ ತಲೆಗೆ ತುಂಬಿದವನು ಸ್ಟ್ಯಾಂಡಿನ ಹಿರಿಯ ಡ್ರೈವರ್. ಅವನ ಕಾರು ಅಲ್ಲಿನ ಎಲ್ಲ ಕಾರುಗಳಿಗಿಂತ ಹಳೆಯದು, ಒಂದು ಸಲವೂ ಇಂಜಿನ್ ಬಿಚ್ಚಿಸಿಕೊಂಡಿರಲಿಲ್ಲ. ಅದೆಲ್ಲ ಹದ್ದಿನ ಮಹಿಮೆ ಎಂದು ಅವನು ಹೇಳುತ್ತಾ ಬಂದ. ಹೇಳಿ ಹೇಳಿ ಅವನಿಗೇ ಹದ್ದಣ್ಣ ಎಂಬ ಹೆಸರು ನಿಂತಿತು. ಕಾರಿನ ಗಾಜಿಗೆ ಹದ್ದು, ಕೀಲಿಕೈಗೆ ಹದ್ದು, ತಲೆಯ ಟೋಪಿಗೂ ಹದ್ದು. ಆ ಟೋಪಿಯನ್ನು ಕಂಪನಿಯವರೇನೂ ಕೊಟ್ಟಿರಲಿಲ್ಲ, ಅವನೇ ಕೊಂಡಿದ್ದ.

ಆ ದಿನ ಮೀಸೆಯ ಕಾರು ಹಗ್ಗ ಕಟ್ಟಿಸಿಕೊಂಡು ಸ್ಟ್ಯಾಂಡಿಗೆ ಬಂತು. ಮೀಸೆ ಅಂದರೆ ಅಲ್ಲಿನ ಕಿರಿಯ ಡ್ರೈವರ್, ವಯಸ್ಸಿಗೆ ಮೀರಿದ ಮೀಸೆ ಬಿಟ್ಟವನು. ಕಾರು ಅವನ ಚಿಕ್ಕಪ್ಪನದು, ಇನ್ನೂ ಹೊಸದು. ಇಂಜಿನ್ ಸೀಜ್ ಆಗಿ, ಒಳಗೆಲ್ಲ ಬಿಗಿದುಕೊಂಡಿತ್ತು. ಏನಾಯಿತೆಂದು ಕೇಳಿದರೆ ಅವನು ಬಾನೆಟ್ ಒರೆಸತೊಡಗಿದ. ಕೊನೆಗೆ, ಹೋದ ತಿಂಗಳು ರಸ್ತೆಯಾಚೆಯ ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿದ್ದೆ ಎಂದ. ಹದ್ದಿನದಲ್ಲ, ಬಿಳಿ ಡಬ್ಬಿಯದು.

ಅಷ್ಟು ಸಾಕಾಯಿತು. ಬೆಂಕಿಗೆ ತುಪ್ಪ ಬಿದ್ದ ಹಾಗೆ ಸ್ಟ್ಯಾಂಡು ಧಗ್ಗೆಂದಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ, ಅಲ್ಲಿ ಸ್ವಲ್ಪ ಜಾಸ್ತಿ ಇದ್ದರು. ಬಿಳಿ ಡಬ್ಬಿ ಅಂದರೆ ಸುಟ್ಟ ಆಯಿಲ್ ಸೋಸಿ ತುಂಬಿದ್ದು ಎಂದು ಒಬ್ಬ ಅಂದ. ಅದರಿಂದ ತನ್ನ ಷಡ್ಡಕನ ಮೂರು ಕಾರು ಹಾಳಾದವು ಎಂದು ಇನ್ನೊಬ್ಬ ಸೇರಿಸಿದ. ಅವನ ಷಡ್ಡಕನಿಗೆ ಇದ್ದದ್ದೇ ಒಂದು ಸ್ಕೂಟರ್. ಹದ್ದಣ್ಣ ಸ್ಟೇಷನ್ ಮೆಟ್ಟಿಲ ಮೇಲೆ ನಿಂತು ಕೈ ಎತ್ತಿದ. ಇನ್ನು ಮೇಲೆ ಸ್ಟ್ಯಾಂಡಿನ ಒಂದು ಗಾಡಿಯೂ ಆ ಗ್ಯಾರೇಜಿನ ಗೇಟು ದಾಟಕೂಡದು ಎಂದ.

ಗ್ಯಾರೇಜು ಡಿಪೋ ಅಕ್ಕನದು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವಳು ಕೆಲಸ ಬಿಟ್ಟು, ಬಂದ ಹಣವನ್ನೆಲ್ಲ ಹಾಕಿ ಈ ತಗಡಿನ ಶೆಡ್ಡು ಎಬ್ಬಿಸಿದ್ದಳು. ಅವಳಿಗೆ ಬರುತ್ತಿದ್ದುದೇ ಟ್ಯಾಕ್ಸಿ ಗಿರಾಕಿ. ಸ್ಟ್ಯಾಂಡು ಮುಖ ತಿರುಗಿಸಿದರೆ ಶಟರ್ ಎಳೆದು ಮನೆಗೆ ಹೋಗಬೇಕಿತ್ತು. ಸುದ್ದಿ ಕಿವಿಗೆ ಬಿದ್ದದ್ದೇ ಅವಳು ಕೈಯ ಗ್ರೀಸ್ ಕೂಡ ಒರೆಸದೆ ರಸ್ತೆ ದಾಟಿ ಬಂದಳು. ಯಾರ ಮುಖವನ್ನೂ ನೋಡದೆ ನೇರ ಮೀಸೆಯ ಕಾರಿನ ಬಾನೆಟ್ ಎತ್ತಿ ತಲೆ ತೂರಿಸಿದಳು. ರೇಡಿಯೇಟರ್ ಪೈಪು ಸೀಳಿದೆ, ನೀರೆಲ್ಲ ಹೋಗಿದೆ, ಕಾದ ಇಂಜಿನ್ನನ್ನೇ ಓಡಿಸಿದ್ದಾನೆ, ಇದಕ್ಕೂ ಆಯಿಲ್‌ಗೂ ಸಂಬಂಧವಿಲ್ಲ, ಬಂದು ನೋಡಿ ಎಂದಳು. ಯಾರೂ ಬಗ್ಗಲಿಲ್ಲ. ಮೀಸೆ ತನ್ನ ಚಪ್ಪಲಿ ನೋಡುತ್ತಾ ನಿಂತ.

“ನೋಡಕ್ಕ, ಪೈಪಿನ ಕಥೆ ಬೇಡ,” ಎಂದ ಹದ್ದಣ್ಣ. “ಆಯಿಲ್ ಅಂದ್ರೆ ಏನು ಅಂತ ನಂಗೆ ಗೊತ್ತು. ಕಣ್ಣು ಕಟ್ಟಿದ್ರೂ ಬೆರಳಲ್ಲಿ ಮುಟ್ಟಿ ಹದ್ದು ಯಾವುದು, ಹದ್ದಲ್ಲದ್ದು ಯಾವುದು ಅಂತ ಹೇಳ್ತೀನಿ.”

“ಹೇಳ್ತೀರಾ?”

“ಹೇಳ್ತೀನಿ.”

“ಹಾಗಾದ್ರೆ ಈಗಲೇ ಆಗಿಬಿಡ್ಲಿ. ಒಂದೇ ದಪ್ಪದ ಆಯಿಲ್, ಮೂರು ಕಂಪನಿದು, ಮೂರು ಲೋಟ. ನೀವು ಹದ್ದು ಹಿಡಿದ್ರೆ ನಾನು ಇನ್ಮೇಲೆ ಟ್ಯಾಕ್ಸಿ ಮುಟ್ಟಲ್ಲ. ಹಿಡೀದೇ ಹೋದ್ರೆ ಯಾರ ಗಾಡಿ ಎಲ್ಲಿಗೆ ಹೋಗ್ಬೇಕು ಅಂತ ನೀವು ಹೇಳ್ಬಾರ್ದು.”

ಸ್ಟ್ಯಾಂಡಿಗೆ ಜೀವ ಬಂತು. ಚಹಾದಂಗಡಿಯವನು ಮೂರು ಸ್ಟೀಲ್ ಲೋಟ ತೊಳೆದು ತಂದ, ಅಕ್ಕ ಶೆಡ್ಡಿನಿಂದ ಮೂರು ಡಬ್ಬಿ ತಂದಳು. ಆಟೊದವರು ಆಟೊ ಬಿಟ್ಟು ಬಂದರು, ಸ್ಟೇಷನ್ನಿನ ಕೂಲಿಗಳು ಬಂದರು, ರೈಲಿಗೆ ಹೊತ್ತಾಯಿತು ಎನ್ನುತ್ತಿದ್ದ ಒಬ್ಬ ಪ್ರಯಾಣಿಕ ಸೂಟ್‌ಕೇಸಿನ ಮೇಲೆ ಹತ್ತಿ ನಿಂತ. ಹದ್ದಿನ ಪರ ಒಂದು ಗುಂಪು, ಸುಮ್ಮನೆ ಗಲಾಟೆಯ ಪರ ಒಂದು ಗುಂಪು. ಅಕ್ಕನ ಪರ ಅಂತ ಯಾರೂ ಬಾಯಿ ಬಿಡಲಿಲ್ಲ. ಟವೆಲ್ಲಿನಿಂದ ಹದ್ದಣ್ಣನ ಕಣ್ಣು ಕಟ್ಟಿದ ಮೇಲೆ ಚಹಾದವನು ಎಲ್ಲರೂ ನೋಡುವಂತೆ ಡಬ್ಬಿಗಳಿಂದ ಲೋಟಗಳಿಗೆ ಸುರಿದ. ಹದ್ದಣ್ಣನ ಬಾಮೈದ ಲೋಟಗಳ ಪಕ್ಕದಲ್ಲೇ ನಿಂತ. ಅವನೂ ಅದೇ ಸ್ಟ್ಯಾಂಡಿನ ಡ್ರೈವರ್, ಭಾವನೆಂದರೆ ಪ್ರಾಣ.

ಹದ್ದಣ್ಣ ಮೊದಲ ಲೋಟಕ್ಕೆ ಬೆರಳು ಅದ್ದಿದ, ಹೆಬ್ಬೆರಳಿಗೆ ತಿಕ್ಕಿದ, ಮೂಸಿದ. ಹದ್ದೇ ಅನ್ನಿಸಿತು. ಎರಡನೆಯದಕ್ಕೆ ಅದ್ದಿದ. ಅದೂ ಹದ್ದೇ. ಮೂರನೆಯದೂ ಹದ್ದೇ.  ಇಷ್ಟು ವರ್ಷ ಬಾಯಿ ತುಂಬ ಆಡಿದ ಮಾತೆಲ್ಲ ಬೆರಳ ತುದಿಗೆ ಬಂದು ನಿಂತಿತ್ತು, ಬೆರಳು ಮಾತ್ರ ಏನೂ ಹೇಳುತ್ತಿರಲಿಲ್ಲ.  ಅವನು ಮತ್ತೊಮ್ಮೆ ಮೊದಲಿನಿಂದ ಮುಟ್ಟಿದ. ಬೆರಳು ಎರಡನೆಯ ಲೋಟಕ್ಕೆ ಇಳಿದಾಗ ಪಕ್ಕದಲ್ಲಿ ಬಾಮೈದ ಕೆಮ್ಮಿದ. ಮೂರನೆಯದಕ್ಕೆ ಹೋದಾಗ ಕೆಮ್ಮಲಿಲ್ಲ. ಬೆರಳು ಹಿಂದಕ್ಕೆ ಬಂತು, ಕೆಮ್ಮೂ ಬಂತು.

“ಇದು,” ಎಂದ ಹದ್ದಣ್ಣ.

ಆಮೇಲೆ ಎದ್ದ ಕೇಕೆಗೆ ಸ್ಟೇಷನ್ ಚಾವಣಿಯ ಪಾರಿವಾಳಗಳೆಲ್ಲ ಹಾರಿಹೋದವು. ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಹಾರ್ನುಗಳು ಒಟ್ಟಿಗೆ ಕೂಗಿದವು. ಹೆಗಲ ಮೇಲಿಂದ ಅವನು ಡಿಪೋ ಅಕ್ಕನನ್ನು ನೋಡಿದ. ಅವಳು ವಾದ ಮಾಡಲಿಲ್ಲ. ಮಾತು ಮಾತೇ ಎಂದಷ್ಟೇ ಹೇಳಿ ರಸ್ತೆ ದಾಟಿ ಹೋದಳು. ಹೆಗಲ ಮೇಲೆ ಕೂತವನಿಗೆ ಕೆಳಗಿಳಿಯಬೇಕು ಅನ್ನಿಸಿತು. ಹೊತ್ತವರು ಬಿಡಲಿಲ್ಲ.

ಮಧ್ಯಾಹ್ನದ ಊಟಕ್ಕೆ ಭಾವ ಬಾಮೈದ ಇಬ್ಬರೂ ಹದ್ದಣ್ಣನ ಮನೆಗೆ ಬಂದರು. ಬಾಮೈದ ಕಾಲು ತೊಳೆಯುವ ಮೊದಲೇ ತನ್ನ ಅಕ್ಕನಿಗೆ, ಅಂದರೆ ಹದ್ದಣ್ಣನ ಹೆಂಡತಿಗೆ, ಇಡೀ ಕಥೆ ಒಪ್ಪಿಸಿದ, ಕೆಮ್ಮಿದ ಭಾಗವನ್ನು ಎರಡು ಸಲ. ಅವಳು ನಗಲಿಲ್ಲ. ಬಡಿಸುತ್ತಿದ್ದ ಸೌಟು ಕೆಳಗಿಟ್ಟು, ಗೊತ್ತಿಲ್ಲದೆ ಗೊತ್ತು ಅಂದಿರಾ ಎಂದು ಗಂಡನನ್ನು ಕೇಳಿದಳು.

ಹದ್ದಣ್ಣ ಸಿಡುಕಿದ. ಊರೆಲ್ಲ ನೋಡುತ್ತಿದ್ದಾಗ ಸೋಲುವುದು ಹೇಗೆ, ಹದ್ದಿಗೂ ಒಂದು ಹೆಸರಿದೆ, ಅದನ್ನು ಉಳಿಸಬೇಡವೇ ಎಂದ.

“ಹದ್ದಿನ ಹೆಸರು ಉಳಿಸೋಕೆ ಊರ ತುಂಬ ಬೋರ್ಡ್ ಇವೆ,” ಎಂದಳು ಹೆಂಡತಿ. “ಆ ಹೆಂಗಸಿನ ಹೆಸರು ಉಳಿಸೋಕೆ ಯಾರಿದ್ದಾರೆ?”

ಅಷ್ಟರಲ್ಲಿ ಬಾಮೈದ ಗಂಟಲು ಸರಿಮಾಡಿಕೊಂಡ. ಈ ಸಲ ಕೆಮ್ಮು ನಿಜದ್ದು. ತಟ್ಟೆ ನೋಡುತ್ತಲೇ, ಒಂದು ವಿಷಯ ಹೇಳಿದರೆ ಬೈಯಬಾರದು ಎಂದು ಮೊದಲೇ ಬೇಡಿಕೊಂಡ. ತನ್ನ ಕಾರಿಗೂ ಹೋದ ವರ್ಷದಿಂದ ಬಿಳಿ ಡಬ್ಬಿಯೇ, ಹಾಕುವವಳು ಡಿಪೋ ಅಕ್ಕನೇ ಎಂದ. ಹಾಕಿಸಿಕೊಂಡು, ಸ್ಟ್ಯಾಂಡಿಗೆ ಬರುವಾಗ ಸೀಟಿನ ಪಕ್ಕ ಒಂದು ಖಾಲಿ ಹದ್ದಿನ ಡಬ್ಬಿ ಕಾಣುವ ಹಾಗೆ ಇಟ್ಟುಕೊಳ್ಳುತ್ತಿದ್ದನಂತೆ. ತಾನೊಬ್ಬನೇ ಅಲ್ಲ, ಸ್ಟ್ಯಾಂಡಿನಲ್ಲಿ ಇನ್ನೂ ಕೆಲವರು ಹಾಗೇ ಮಾಡುತ್ತಾರಂತೆ.

ಹದ್ದಣ್ಣನ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಗಾಡಿಗೆ ಏನೂ ಆಗಿಲ್ವಾ?”

“ಏನೂ ಆಗಿಲ್ಲ ಭಾವ. ಹೊಸ ಇಂಜಿನ್‌ಗೆ ತೆಳು ಆಯಿಲ್ ಬೇಕಂತೆ. ಬಿಳಿ ಡಬ್ಬಿದು ಸಿಕ್ತು, ಹಾಕಿದ್ಲು.”

“ಮತ್ಯಾಕೋ ಕೆಮ್ಮಿದೆ ಕತ್ತೆ? ಅವಳ ಹತ್ರ ಕೆಲಸ ಮಾಡಿಸ್ಕೊಂಡು ಅವಳ ಹೊಟ್ಟೆ ಮೇಲೇ ಹೊಡೆದ್ಯಲ್ಲೋ.”

“ನಿಮ್ಮ ಮರ್ಯಾದೆ ಹೋಗ್ತಿತ್ತಲ್ಲ ಭಾವ. ನಿಮಗೆ ಬೇಜಾರಾಗ್ಬಾರ್ದು ಅಂತ ತಾನೇ ಎಲ್ಲರೂ ಸುಳ್ಳು ಹೇಳೋದು.”

ಹದ್ದಣ್ಣನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ. ಊಟ ಅರ್ಧಕ್ಕೆ ಬಿಟ್ಟು ಎದ್ದ. ಕೈ ತೊಳೆದವನೇ ಕಾರು ತೆಗೆದ. ಬಾಮೈದ ಓಡಿ ಬಂದು ಪಕ್ಕದ ಸೀಟಿಗೆ ಹಾರಿ ಕೂತ. 

ಹದ್ದಣ್ಣ ಸ್ಟ್ಯಾಂಡಿನಲ್ಲಿ ನಿಲ್ಲಿಸದೆ, ಎಲ್ಲರ ಕಣ್ಣೆದುರಿಗೇ ಅಡ್ಡ ತಿರುಗಿಸಿ ಡಿಪೋ ಅಕ್ಕನ ಗೇಟಿನೊಳಕ್ಕೆ ಕಾರು ನುಗ್ಗಿಸಿದ. ಅವಳು ಸ್ಪ್ಯಾನರುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಆಯಿಲ್ ಬದಲಾಯಿಸು ಎಂದ. ಅವಳು ತಲೆ ಎತ್ತಲಿಲ್ಲ. ಪಂದ್ಯ ಕಟ್ಟಿದ್ದೆ, ಸೋತೆ, ಟ್ಯಾಕ್ಸಿ ಮುಟ್ಟುವುದಿಲ್ಲ ಎಂದಳು. ನಾನೇ ಹೇಳುತ್ತಿದ್ದೇನಲ್ಲ ಎಂದು ಅವನು ಗದರಿದ. ನೀವು ಹೇಳಿದಿರಿ ಅಂತ ನನ್ನ ಮಾತು ಬದಲಾಗುತ್ತಾ ಎಂದು ಅವಳೂ ಗದರಿದಳು.

 ಹದ್ದಣ್ಣ ಟೋಪಿ ತೆಗೆದು ಕಾರಿನೊಳಗೆ ಎಸೆದು, ರಸ್ತೆ ದಾಟಿ ಸ್ಟ್ಯಾಂಡಿನ ನಡುವೆ ಹೋಗಿ ನಿಂತ. ಇನ್ನೊಂದು ಸಂಭ್ರಮ ಶುರುವಾಗುತ್ತದೆ ಎಂದುಕೊಂಡು ಜನ ಸುತ್ತುಗಟ್ಟಿದರು.

“ಬೆಳಿಗ್ಗೆ ನಂಗೆ ಗೊತ್ತಾಗ್ಲಿಲ್ಲ,” ಎಂದ ಹದ್ದಣ್ಣ. “ಮೂರು ಲೋಟವೂ ಒಂದೇ ಥರ ಇತ್ತು. ನನ್ನ ಬಾಮೈದ ಕೆಮ್ಮಿದ, ನಾನು ಇದು ಅಂದೆ. ಗೆದ್ದಿದ್ದು ನಾನಲ್ಲ, ಕೆಮ್ಮು.”

ಯಾರೋ ಕಿಸಕ್ಕೆಂದರು. ಷಡ್ಡಕನ ಮೂರು ಕಾರು ಕೆಡಿಸಿದವನಿಗೆ ಸಿಟ್ಟು ಬಂತು. ಇಷ್ಟು ವರ್ಷ ನಿನ್ನ ಮಾತು ಕೇಳಿ ಹದ್ದು ಹಾಕಿಸಿದೆವಲ್ಲ, ಈಗ ಹೀಗಂದರೆ ಹೇಗೆ, ಹಾಗಾದರೆ ಯಾವ ಆಯಿಲ್ ಒಳ್ಳೆಯದು, ಅದನ್ನಾದರೂ ಹೇಳು ಎಂದು ಪಟ್ಟು ಹಿಡಿದ.

“ನಂಗೊತ್ತಿಲ್ಲ,” ಎಂದ ಹದ್ದಣ್ಣ.

ಆ ಮಾತು ಅವನ ಬಾಯಿಂದ ಆ ಸ್ಟ್ಯಾಂಡು ಎಂದೂ ಕೇಳಿರಲಿಲ್ಲ.  ಜನರನ್ನು ಸರಿಸಿಕೊಂಡು ಮೀಸೆ ಮುಂದೆ ಬಂದ.  ಇಂಜಿನ್ ಬಿಸಿಯಾದ ಕೆಂಪು ದೀಪ ಹತ್ತಿದ್ದು ತನಗೆ ಕಂಡಿತ್ತು, ಬಾಡಿಗೆಯವರಿಗೆ ರೈಲು ತಪ್ಪುತ್ತದೆ ಎಂದು ನಿಲ್ಲಿಸದೆ ಓಡಿಸಿದೆ, ಚಿಕ್ಕಪ್ಪನ ಹೆದರಿಕೆಗೆ ಆಯಿಲ್ ಹೆಸರು ಹೇಳಿದೆ ಎಂದ. ಹೊಡೆಯಲು ಹದ್ದಣ್ಣನ ಕೈ ಎದ್ದಿತು. ಎದ್ದ ಕೈ ಹುಡುಗನ ಹೆಗಲ ಮೇಲೆ ಕೂತಿತು. ಚಿಕ್ಕಪ್ಪನ ಹತ್ತಿರ ನಾನೂ ಬರುತ್ತೇನೆ, ನಡೆ, ಮೊದಲು ಡಿಪೋ ಅಕ್ಕನ ಹತ್ತಿರ ಈ ಮಾತು ಹೇಳು ಎಂದ.

ಹೇಳಿದ್ದಾಯಿತು. ಮೀಸೆ ಹೇಳಿದ, ಬಾಮೈದ ಹೇಳಿದ, ಪಂದ್ಯ ಸೋತದ್ದು ನಾನು ಎಂದು ಹದ್ದಣ್ಣನೂ ಹೇಳಿದ. ಬಾಮೈದನ ಹಿಂದೆ, ಖಾಲಿ ಹದ್ದಿನ ಡಬ್ಬಿ ಇಟ್ಟುಕೊಂಡು ತಿರುಗುತ್ತಿದ್ದವರೂ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಡಿಪೋ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಎಲ್ಲರನ್ನೂ ಕೇಳಿಸಿಕೊಂಡಳು, ಯಾರನ್ನೂ ಸುಲಭಕ್ಕೆ ಬಿಡಲಿಲ್ಲ. ಕದ್ದು ಬಂದು ಕದ್ದು ಹೋಗಲು ಇದೇನು ಹೆಂಡದಂಗಡಿಯೇ ಎಂದು ಕೇಳಿದಳು. ಪಂದ್ಯ ಇನ್ನೊಮ್ಮೆ ನಡೆಯಲಿ, ಕೆಮ್ಮಿಲ್ಲದೆ, ಎಂದು ಗಲಾಟೆಯ ಗುಂಪಿನವನೊಬ್ಬ ಕೂಗಿದ. ಮುಚ್ಚೋ ಬಾಯಿ ಎಂದು ಅವಳೂ ಹದ್ದಣ್ಣನೂ ಒಟ್ಟಿಗೇ ಅಂದರು.

ಆಮೇಲೆ ಅವಳು ಪೆಟ್ಟಿಗೆಯಿಂದ ಸ್ಪ್ಯಾನರ್ ಹೊರತೆಗೆದು ಹದ್ದಣ್ಣನ ಕಾರಿನ ಬಾನೆಟ್ ಎತ್ತಿದಳು. ಇಂಜಿನ್ ಚಾಲೂ ಮಾಡಿಸಿ, ಸದ್ದಿಗೆ ಕಿವಿ ಕೊಟ್ಟು, ಹೊಗೆಯ ಬಣ್ಣ ನೋಡಿದಳು. ಅವನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಯಾವುದನ್ನಾದರೂ ಹಾಕು, ಬಿಳಿಯದನ್ನೇ ಹಾಕು, ನಾನು ಕೇಳುವುದಿಲ್ಲ ಎಂದ.

ಅವಳು ಶೆಡ್ಡಿನ ಒಳಗೆ ಹೋಗಿ ಒಂದು ಡಬ್ಬಿ ತಂದಳು. ಅದರ ಮೇಲೆ ರೆಕ್ಕೆ ಬಿಚ್ಚಿದ ಹದ್ದು ಇತ್ತು.

“ಇದ್ಯಾಕೆ?” ಎಂದ ಹದ್ದಣ್ಣ.

“ಸವೆದ ಇಂಜಿನ್ ಅಣ್ಣಾ, ದಪ್ಪ ಆಯಿಲ್ ಬೇಕು. ದಪ್ಪದ್ರಲ್ಲಿ ಹದ್ದು ಚೆನ್ನಾಗೇ ಇದೆ. ನಾನು ಯಾವತ್ತಾದ್ರೂ ಕೆಟ್ಟದ್ದು ಅಂದಿದ್ನಾ?”

ಅವನು ನೆನಪು ಮಾಡಿಕೊಂಡ. ಅವಳು ಅಂದಿರಲಿಲ್ಲ. ಇವನು ಒಂದು ಸಲವೂ ಕೇಳಿರಲಿಲ್ಲ.

ಹೊರಗೆ ರಸ್ತೆಯಲ್ಲಿ ಟ್ಯಾಕ್ಸಿಗಳು ಒಂದರ ಹಿಂದೊಂದು ತಿರುಗಿ ಗೇಟಿಗೆ ಅಡ್ಡ ನಿಲ್ಲತೊಡಗಿದ್ದವು. ಬಸ್ಸಿನವನು ಹಾರ್ನ್ ಒತ್ತಿ ಹಿಡಿದಿದ್ದ. ದಾರಿ ಬಿಡ್ರೋ ಎಂದು ಡಿಪೋ ಅಕ್ಕ ಅಲ್ಲಿಂದಲೇ ಕಿರುಚಿದಳು. ಹದ್ದಣ್ಣ ಅಂಗಿಯ ತೋಳು ಮಡಚಿಕೊಂಡು, ಗಾಡಿಗಳನ್ನು ಸಾಲಿಗೆ ನಿಲ್ಲಿಸಲು ರಸ್ತೆಗೆ ಓಡಿದ.